ನಾಲ್ಕನೆಯ ಡಬ್ಬಿ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಸಣ್ಣ ನಿಸರ್ಗ ಕೇಂದ್ರವಿದೆ. ಅಲ್ಲಿ ‘ಮುಟ್ಟಿ ನೋಡಿ’ ಎಂಬ ಕೋಣೆಯನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಇಂಥ ಕೆಲಸ ಬಂದರೆ ಎಲ್ಲರೂ ನನ್ನ ಕಡೆಗೇ ಕೈ ತೋರಿಸುತ್ತಾರೆ. ಮನೆಮಂದಿ ಮಕ್ಕಳನ್ನು ಕರೆದುಕೊಂಡು ಬಂದು ಮಣ್ಣು, ಬೀಜ, ಹಕ್ಕಿಗೂಡು, ಹಾವಿನ ಪೊರೆಗಳನ್ನು ಕೈಯಲ್ಲೇ ಹಿಡಿದು ನೋಡಲಿ ಎಂಬುದು ಉದ್ದೇಶ. ಮೊದಲ ವಾರವೇ ಫಜೀತಿ. ನಾಲ್ಕು ತಳಿಯ ಭತ್ತವನ್ನು ತಟ್ಟೆಗಳಲ್ಲಿ ಹರವಿ ಇಟ್ಟಿದ್ದೆ. ನಮ್ಮ ಕಡೆಯವರು ಭತ್ತ ಕಂಡರೆ ಸುಮ್ಮನಿರುತ್ತಾರೆಯೇ? ಕಾಳು ಎತ್ತಿ, ಹಲ್ಲಿನಲ್ಲಿ ಕಡಿದು, ಎಷ್ಟು ಒಣಗಿದೆ ಎಂದು ನೋಡದೆ ಮುಂದೆ ಹೋದವರೇ ಇಲ್ಲ. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬಂದಿದ್ದ ಹೆಂಗಸೊಬ್ಬರು, ‘ಇನ್ನೊಂದಿನ ಬಿಸಿಲಿಗೆ ಹಾಕ್ರಿ ಟೀಚರ್’ ಎಂದು ನನಗೇ ಬುದ್ಧಿ ಹೇಳಿ ಹೋದರು. ಸಂಜೆಗೆ ತಟ್ಟೆಯಲ್ಲಿ ಅರ್ಧ ಹೊಟ್ಟು. ಫಲಕದ ಕೆಳಗೆ ‘ಕಡಿಯಬೇಡಿ’ ಎಂದು ಬರೆದೆ. ಯಾರೂ ಓದಲಿಲ್ಲ.

ಮಕ್ಕಳಿಗೆ ಹಿಡಿಸಿದ್ದು ಐದು ಡಬ್ಬಿಗಳು. ಹಳೆಯ ಎಣ್ಣೆ ಡಬ್ಬಿಗಳ ಪಕ್ಕಕ್ಕೆ ತೂತು ಕೊರೆಸಿ, ಒಳಗೇನಿದೆ ಎಂದು ಕಾಣದಂತೆ ಹರಿದ ಅಂಗಿಯ ತೋಳುಗಳನ್ನು ಅಂಟಿಸಿದ್ದೆ. ತೋಳಿನೊಳಗೆ ಕೈ ತೂರಿಸಿ, ಬೆರಳಿಗೆ ಸಿಕ್ಕಿದ್ದು ಏನೆಂದು ಹೇಳಬೇಕು. ನಾಲ್ಕನೆಯದರಲ್ಲಿ ಬಳ್ಳಾರಿ ಜಾಲಿಯ ಒಂದು ಗೇಣಿನ ಕೊಂಬೆ. ಮುಳ್ಳಿನ ತುದಿಗಳನ್ನೆಲ್ಲ ನೇಲ್ ಕಟರ್‌ನಿಂದ ಕತ್ತರಿಸಿದ್ದೆ. ಎಲ್ಲವನ್ನೂ ಕತ್ತರಿಸಿದ್ದೇನೆ ಎಂದೇ ನಂಬಿದ್ದೆ.

ಆ ಡಬ್ಬಿಗಳ ಮುಂದೆ ಅವ್ವನನ್ನು ನಿಲ್ಲಿಸಲೇಬೇಕು ಎಂಬ ಹಟ ನನಗೆ ಬಂದದ್ದು ಅಣ್ಣನ ದೆಸೆಯಿಂದ. ಅವ್ವ ಇರುವುದು ನನ್ನ ಜೊತೆ, ಸಿಂಧನೂರಿನಲ್ಲಿ. ಲಿಂಗಸುಗೂರಿನಿಂದ ಬಂದಾಗಲೆಲ್ಲ ಅಣ್ಣ ಅವಳ ಬೆರಳುಗಳ ಮೇಲಿನ ಸುಟ್ಟ ಕಲೆಗಳನ್ನು ನೋಡುತ್ತಿದ್ದ. ಒಂದು ದಿನ ಹೊರಗೆ ಕರೆದು ಹೇಳಿದ:

‘ಆಕೀಗೆ ಶುಗರ್ ಐತಿ. ಕೈ ಸುಟ್ಟದ್ದೂ ಗೊತ್ತಾಗವಲ್ದು. ಒಲಿ ಮುಂದ ಕೂಡಿಸಬ್ಯಾಡ.’

‘ರೊಟ್ಟಿ ಮಾಡೋರ ಕೈ ಸುಡದ ಮತ್ತ್ಯಾರ ಕೈ ಸುಡತಾವ? ಆಕಿ ಬೆರಳು ನನ್ನ ಕಣ್ಣಿಗಿಂತ ಚುರುಕ ಅದಾವ,’ ಎಂದು ನಾನು ಜಗಳಕ್ಕೇ ನಿಂತೆ.

ಅವ್ವ ತುರ್ವಿಹಾಳದ ಗದ್ದೆಗಳಲ್ಲಿ ಸಸಿ ಹಚ್ಚಿ ನಮ್ಮನ್ನು ಓದಿಸಿದವಳು. ಬಾಯಿ ಕಟ್ಟಿದ ಚೀಲದ ಸಂದಿಯಲ್ಲಿ ಎರಡು ಬೆರಳು ತೂರಿಸಿ ಭತ್ತದ ತಳಿ ಹೇಳುತ್ತಿದ್ದಳು. ಈಗಲೂ ಗ್ಯಾಸ್ ಒಲೆಯನ್ನು ನೆಲಕ್ಕೆ ಇಳಿಸಿಕೊಂಡು ಮನೆಯ ರೊಟ್ಟಿಯನ್ನೆಲ್ಲ ತಾನೇ ಮಾಡುತ್ತಾಳೆ. ಆ ಒಲೆಯ ಮುಂದಿನಿಂದ ಎಬ್ಬಿಸಿದರೆ ಅವಳಿಗೆ ಮನೆಯಲ್ಲಿ ಇನ್ನೆಲ್ಲಿ ಜಾಗ? ಅಣ್ಣನ ಬಾಯಿ ಮುಚ್ಚಿಸಬೇಕು ಅನಿಸಿತು. ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಕೇಂದ್ರಕ್ಕೆ ಬಾ ಎಂದು ಅವನಿಗೆ ಹೇಳಿದೆ.

ಭಾನುವಾರ ಗದ್ದಲವಿತ್ತು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲನೆಯ ಡಬ್ಬಿಯ ಮುಂದೆ ನಿಂತಳು. ಕೈ ಹಾಕುವ ಮೊದಲು ಡಬ್ಬಿಯನ್ನು ಒಮ್ಮೆ ಅಲ್ಲಾಡಿಸಿದಳು.

‘ಭತ್ತ.’

ನಾನು ಅಣ್ಣನ ಮುಖ ನೋಡಿದೆ. ಎರಡನೆಯದರಿಂದ ಕೈ ತೆಗೆದವಳು, ಬೆವರು ಒರೆಸುವವಳಂತೆ ಬೆರಳನ್ನು ಮೂಗಿನ ಹತ್ತಿರ ಒಯ್ದು, ‘ಬೇವಿನ ಬೀಜ’ ಎಂದಳು.

‘ಮೂಸಿ ನೋಡಂಗಿಲ್ಲ ಬೇ, ಮೋಸ ಅದು!’ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಮೂರನೆಯದರಲ್ಲಿ ಕಾಲುವೆಯ ಬಸವನಹುಳುವಿನ ಚಿಪ್ಪುಗಳಿದ್ದವು. ತಗಡಿಗೆ ಟಣ್ ಎಂದು ತಾಗಿದವು, ಅದೂ ಸರಿಯಾಯಿತು. ನಾನಂತೂ ಗೆದ್ದೇಬಿಟ್ಟೆ ಎಂದುಕೊಂಡಿದ್ದೆ.

ನಾಲ್ಕನೆಯದರಲ್ಲಿ ಬಹಳ ಹೊತ್ತು ಕೈಯಾಡಿಸಿದಳು. ಕೊಂಬೆಗೆ ವಾಸನೆಯಿಲ್ಲ, ಡಬ್ಬಿಯ ತಳಕ್ಕೆ ಬಟ್ಟೆ ಹಾಸಿದ್ದೆ, ಸಪ್ಪಳವೂ ಇಲ್ಲ. ಹಿಂದೆ ಸಾಲಿನಲ್ಲಿ ನಿಂತ ಮಕ್ಕಳು ಅವಸರ ಮಾಡತೊಡಗಿದವು.

‘ಹತ್ತಿ,’ ಅಂದಳು ಅವ್ವ. ‘ಮೆತ್ತಗ ಐತಿ.’

ತಮಾಷೆ ಮಾಡುತ್ತಿದ್ದಾಳೆ ಎಂದು ನಾನು ಮತ್ತೆ ನಕ್ಕೆ. ಅವಳು ಕೈ ಹೊರಗೆಳೆದಾಗ ಮೊದಲು ನೋಡಿದ್ದು ಅಣ್ಣನ ಮಗಳು.

‘ಅಜ್ಜಿ, ನಿನ್ನ ಬೆರಳಿಗೆ ಮುಳ್ಳು! ರಕ್ತ ಬರಾಕತ್ತೈತಿ!’

ತೋರುಬೆರಳಿನಲ್ಲಿ ಮುಳ್ಳೊಂದು ಮುರಿದು ನೆಟ್ಟಿತ್ತು. ನಾನು ಕತ್ತರಿಸದೆ ಬಿಟ್ಟದ್ದು. ರಕ್ತ ಅಂಗೈವರೆಗೆ ಇಳಿದಿತ್ತು. ಅವ್ವ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿ, ಸೆರಗಿನೊಳಗೆ ಮುಚ್ಚಿಕೊಳ್ಳಲು ಹೋದಳು. ಅಣ್ಣ ಹಿಡಿದು, ಮುಳ್ಳು ಕಿತ್ತ. ನೋಡು, ನಾನು ಹೇಳಿರಲಿಲ್ಲವೇ ಎಂದು ಅವನು ಅಂದಿದ್ದರೆ ನಾನು ಇನ್ನೊಂದು ಜಗಳ ತೆಗೆದು ಹಗುರಾಗುತ್ತಿದ್ದೆ. ಅವನು ನಲ್ಲಿಯ ಕೆಳಗೆ ಅವಳ ಕೈ ತೊಳೆದ. ಅಷ್ಟು ಜನರ ಮುಂದೆ ಅವಳನ್ನು ಪರೀಕ್ಷೆಗೆ ನಿಲ್ಲಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಲೋಟ ಜಾರಿ ಬಿದ್ದಾಗಲೆಲ್ಲ ‘ಲಕ್ಷ್ಯ ಎಲ್ಲೈತಿ ನಿಂದು’ ಎಂದು ಅವಳನ್ನು ಗದರಿದ್ದು ಒಂದೊಂದಾಗಿ ನೆನಪಿಗೆ ಬಂತು.

ಮನೆಗೆ ಬಂದ ಮೇಲೆ ಕೇಳಿದೆ.

‘ಯಾವಾಗಿಂದ ಬೇ?’

‘ಹ್ವಾದ ಎಳ್ಳಮಾಸಿ ಹಬ್ಬದಿಂದ. ಮೊದಲು ಕಾಲು, ಆಮ್ಯಾಲ ಕೈ. ಏನ್ ಹಿಡದ್ರೂ ಹತ್ತಿ ಹಿಡದಂಗ.’

‘ಯಾಕ ಹೇಳಲಿಲ್ಲ?’

‘ಹೇಳಿದ್ರ ಒಲಿ ಮುಂದಿಂದ ಎಬ್ಬಸ್ತಿದ್ರಿ.’

ಅಣ್ಣ ತಲೆ ತಗ್ಗಿಸಿ ಕುಳಿತಿದ್ದ. ‘ರೊಟ್ಟಿ ಬಡಿಯಾಕ ಕಿವಿ ಸಾಕಪ,’ ಎಂದು ಅವ್ವ ಅವನಿಗೇ ಹೇಳಿದಳು. ‘ಸಪ್ಪಳ ತೆಳ್ಳಗಾತಂದ್ರ ರೊಟ್ಟಿ ತೆಳ್ಳಗಾತು.’ ಅದು ಸುಳ್ಳಲ್ಲ. ಇಷ್ಟು ತಿಂಗಳು ಅವಳು ಕಿವಿಯಿಂದಲೇ ರೊಟ್ಟಿ ಬಡಿದಿದ್ದಳು, ಒಂದೂ ಹರಿದಿರಲಿಲ್ಲ. ನಾಳೆ ಸಂಜೆ ಡಾಕ್ಟರಿಗೆ ತೋರಿಸುತ್ತೇನೆ, ರೊಟ್ಟಿ ಬಡಿಯುವುದು ಅವಳು, ಹಂಚಿನ ಮೇಲೆ ಬೇಯಿಸುವುದು ನಾನು ಎಂದೆ. ಅಣ್ಣ ಹೂಂ ಅಂದ.

ಮರುದಿನ ಮುಂಜಾನೆ ನಾನು ಸ್ಕೂಲಿಗೆ ಹೊರಡುವ ಮೊದಲು ಇಬ್ಬರೂ ಒಲೆಯ ಮುಂದೆ ಕುಳಿತೆವು. ಅವ್ವ ಪರಾತಕ್ಕೆ ಜೋಳದ ಹಿಟ್ಟು ಸುರಿದಳು. ನಾನು ಕುದಿಯುವ ಎಸರು ಹಾಕಿ ಕಟ್ಟಿಗೆಯಿಂದ ಕಲಸಿದೆ. ಹಬೆ ಏಳುತ್ತಿತ್ತು. ಅಭ್ಯಾಸಬಲದಿಂದ ಅವಳ ಕೈ ಹಿಟ್ಟಿನ ಕಡೆಗೆ ಹೋಯಿತು. ನಾನು ತಡೆಯಬೇಕು ಅನ್ನುವಷ್ಟರಲ್ಲಿ ತಾನೇ ನಿಂತಿತು. ಅವಳು ಪರಾತವನ್ನು ನನ್ನ ಕಡೆಗೆ ಸರಿಸಿದಳು.

‘ಬಿಸಿ ಎಷ್ಟೈತಿ, ನೀ ಮುಟ್ಟಿ ಹೇಳು.’

ಮುಟ್ಟಿದೆ. ಚುರ್ ಎಂದಿತು.

‘ಇನ್ನಾ ಸುಡಾಕತ್ತೈತಿ ಬೇ. ತಡಿ.’

ಅವ್ವ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಹೇಳುವವರೆಗೂ ಕಾದಳು.