ಹೂವಿನಮ್ಮನ ಪಕ್ಕದ ಅಂಗಡಿ

ಹೂವಿನಮ್ಮ ನಮ್ಮ ಅಂಗಡಿಯ ಎಡಗಡೆ ಕೂರುತ್ತಿದ್ದರು ಎಂದು ನನ್ನ ನೆನಪು. ಅಣ್ಣ ಬಲಗಡೆ ಎನ್ನುತ್ತಾನೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ. ಅಪ್ಪ ಗಲ್ಲಾದ ಹಿಂದೆ ಕಾಲು ಮಡಿಸಿ ಕೂತಿರುವ ಚಿತ್ರ ಇಂದಿಗೂ ನನ್ನ ಕಣ್ಣಿನಲ್ಲಿದೆ. ಅಪ್ಪನಿಗೆ ಮಂಡಿನೋವು, ಕಾಲು ಮಡಿಸಲು ಆಗುತ್ತಿರಲಿಲ್ಲ, ಅವರು ಯಾವತ್ತೂ ನಿಂತೇ ವ್ಯಾಪಾರ ಮಾಡಿದ್ದು ಎಂದು ಅಕ್ಕ ಹೇಳುತ್ತಾಳೆ. ಹಾಗಾದರೆ ಕೂತಿದ್ದವರು ಯಾರು?

ಅರಮನೆಯಿಂದ ನಡೆದೇ ಹೋಗಬಹುದಾದ ಒಂದು ಹಳೆಯ ಮಳಿಗೆ ಸಾಲಿನಲ್ಲಿ ನಮ್ಮದು ಗ್ರಂಧಿಗೆ ಅಂಗಡಿ. ವಿಭೂತಿ ಗಟ್ಟಿ, ಸಾಂಬ್ರಾಣಿ, ಅರಿಸಿನದ ಕೊಂಬು, ಬಾಣಂತಿ ಖಾರದ ಸಾಮಾನು. ಬೋರ್ಡು ಧೂಳು ಹಿಡಿದು ಓದಲು ಬರುತ್ತಿರಲಿಲ್ಲ, ಯಾರಿಗೂ ಓದುವ ಅಗತ್ಯವೂ ಇರಲಿಲ್ಲ. ಹೂವಿನಮ್ಮನ ಪಕ್ಕದ ಅಂಗಡಿ ಎಂದರೆ ನಂಜನಗೂಡಿನವರಿಗೂ ತಿಳಿಯುತ್ತಿತ್ತು. ಬೆಳಿಗ್ಗೆ ನಜರ್‌ಬಾದಿನಿಂದ ಬುಟ್ಟಿ ಹೊತ್ತು ಬಂದು, ಜಗಲಿಯ ಮೇಲೆ ಒದ್ದೆ ಗೋಣಿ ಹಾಸಿ ಮಲ್ಲಿಗೆ ಕಟ್ಟಲು ಕೂತರೆ ಸಂಜೆಯವರೆಗೂ ಅವರು ಅಲ್ಲೇ. ಬಾಡಿಗೆಯಿಲ್ಲ, ಕರಾರಿಲ್ಲ. ನಮ್ಮ ದೇವರ ಪಟಕ್ಕೆ ದಿನಾ ಒಂದು ಮೊಳ ಹೂವು, ಅವರಿಗೆ ನಮ್ಮ ಬಿಂದಿಗೆಯ ನೀರು.

ಸಾಲು ಬೀಳುವ ಸ್ಥಿತಿಗೆ ಬಂದಾಗ ಊರಿನಲ್ಲಿ ಎರಡು ಪಕ್ಷವಾಯಿತು. ಕೆಡವಿ, ಅದೇ ಚಹರೆಯಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿ ಎನ್ನುವವರು ಒಂದು ಕಡೆ. ಇರುವುದನ್ನೇ ಸುಣ್ಣದ ಗಾರೆಯಲ್ಲಿ ದುರಸ್ತಿ ಮಾಡಿ ಎನ್ನುವವರು ಇನ್ನೊಂದು ಕಡೆ. ವಿಶ್ವವಿದ್ಯಾನಿಲಯದಲ್ಲಿ ಓದಿ ಯಾವ ಕೆಲಸದಲ್ಲೂ ನೆಲೆ ನಿಲ್ಲದ ನಾನು ಎರಡನೆಯ ಪಕ್ಷ. ಸಭೆಗಳಿಗೆ ಹೋದೆ, ಪತ್ರಿಕೆಗಳಿಗೆ ಬರೆದೆ. ಅಪರೂಪಕ್ಕೆ ನಮ್ಮ ಪಕ್ಷವೇ ಗೆದ್ದಿತು. ಸೋತಿದ್ದರೆ ಬೈಯಲು ಯಾರಾದರೂ ಸಿಗುತ್ತಿದ್ದರು ಎಂದು ಈಗ ಅನಿಸುತ್ತದೆ.

ದುರಸ್ತಿ ಮುಗಿಯುವವರೆಗೆ ಅಂಗಡಿಯವರನ್ನು ಒಂದು ಮೈದಾನದ ತಗಡಿನ ಶೆಡ್ಡುಗಳಿಗೆ ಕಳಿಸಿದರು. ಕೆಲಸ ನಿಜಕ್ಕೂ ಚೆನ್ನಾಗಿ ನಡೆಯಿತು. ಬೆಲ್ಲ, ಅಳಲೆಕಾಯಿ ಹಾಕಿ ಗಾರೆ ಅರೆದರು, ಹಳೆಯ ತೇಗದ ತೊಲೆಗಳನ್ನೇ ಉಳಿಸಿಕೊಂಡರು. ನಾವು ಮರಳಿ ಬಂದಾಗ ಎಲ್ಲ ಬಾಗಿಲಿಗೂ ಒಂದೇ ಹಸಿರು, ಎಲ್ಲ ಬೋರ್ಡಿಗೂ ಒಂದೇ ಅಳತೆಯ ಅಕ್ಷರ. ಜಗಲಿ ಇದ್ದಲ್ಲಿ ನುಣ್ಣನೆಯ ಕಾಲುದಾರಿ, ಅದರ ಮೇಲೆ ಯಾರೂ ಕೂರದಂತೆ ನೋಡಿಕೊಳ್ಳಲು ಒಬ್ಬ ಸೆಕ್ಯೂರಿಟಿ. ಗುತ್ತಿಗೆ ಪತ್ರ ಇದ್ದವರೆಲ್ಲ ವಾಪಸು ಬಂದರು. ಪತ್ರವೇ ಇಲ್ಲದ ಹೂವಿನಮ್ಮ ಬರಲಿಲ್ಲ.

ಆಮೇಲೆ ಗಿರಾಕಿಗಳ ಫೋನುಗಳು ಶುರುವಾದವು. "ಎಲ್ಲಿದೀರಿ ಸ್ವಾಮಿ? ಸಾಲಿನ ಮುಂದೇನೇ ನಿಂತಿದೀನಿ, ನಿಮ್ಮಂಗಡಿ ಕಾಣ್ತಿಲ್ಲ." ಅಪ್ಪನ ನಂತರ ಅಂಗಡಿ ನೋಡಿಕೊಳ್ಳುತ್ತಿದ್ದ ಅಣ್ಣ ಬೀದಿಗೆ ಇಳಿದು ಕೈ ಬೀಸುತ್ತಿದ್ದ.

"ರೈಲು ಬುಡೋನ ಕೆಲ್ಸ ಆಗೋಯ್ತು ಕಣೋ ನಂದು. ಒಂದು ಹಸಿರು ಬಾವುಟ ತಂದ್ಕೊಡು," ಎಂದು ಮೊದಮೊದಲು ನಗುತ್ತಿದ್ದ. ಬರಬರುತ್ತ ಫೋನೂ ನಿಂತಿತು, ನಗುವೂ ನಿಂತಿತು. "ಅಂಗಡಿ ಉಳೀಬೇಕು ಅಂದ್ರೆ ಆಯಮ್ಮ ವಾಪಸ್ ಬರ್ಬೇಕು," ಎಂದ ಒಂದು ದಿನ.

ಹೂವಿನಮ್ಮನನ್ನು ಕರೆದುಕೊಂಡು ನಾವಿಬ್ಬರೂ ಪಾಲಿಕೆಯ ಕಚೇರಿಗೆ ಹೋದೆವು. ಅಧಿಕಾರಿ ಒಳ್ಳೆಯವರೇ. ಮೂವರಿಗೂ ಕುರ್ಚಿ ಹಾಕಿಸಿ, ಕಂಪ್ಯೂಟರಿನಲ್ಲಿ ನಕ್ಷೆ ತೆರೆದರು.

"ಹಳೇ ಬಾಡಿಗೆದಾರರು ಹೇಳೋದಾದ್ರೆ ಒಂದು ಜಾಗ ಗುರುತು ಮಾಡಬಹುದು. ನಿಮ್ಮ ಅಂಗಡಿಯ ಯಾವ ಪಕ್ಕ?"

"ಬಲಕ್ಕೆ," ಎಂದ ಅಣ್ಣ. "ಎಡಕ್ಕೆ," ಎಂದೆ ನಾನು. ಇಬ್ಬರೂ ಒಟ್ಟಿಗೇ.

ಅಧಿಕಾರಿ ನಕ್ಕರು. "ಅಮ್ಮಾ, ನೀವೇ ಹೇಳಿ."

"ನಾನು ತಲೆ ಬಗ್ಗಿಸ್ಕಂಡು ಹೂ ಕಟ್ತಿದ್ದೆ ಕಣಪ್ಪ. ನೋಡ್ತಿದ್ದೋರು ಇವ್ರು. ಇವ್ರನ್ನೇ ಕೇಳಿ," ಎಂದರು ಹೂವಿನಮ್ಮ.

ಅಣ್ಣ ಮೊಣಕೈಯಿಂದ ತಿವಿದ. ಹೂಂ ಎಂದುಬಿಡಬಹುದಿತ್ತು. "ನನಗೆ ಖಚಿತವಿಲ್ಲ, ಆದರೆ ಬಲಗಡೆ ಅಂತೂ ಅಲ್ಲ," ಎಂದೆ.

"ಮೊದ್ಲು ನೀವಿಬ್ರೂ ಒಂದು ಮಾತಿಗೆ ಬನ್ನಿ ಸಾರ್," ಎಂದು ಅವರು ನಕ್ಷೆ ಮುಚ್ಚಿದರು.

ಹೊರಗೆ ಬರುತ್ತಲೇ ಅಣ್ಣ ರೇಗಿದ. "ಅಷ್ಟು ಓದಿ ಕಲ್ತಿದ್ದು ಇದೇನಾ? ತಟ್ಟೇಲಿರೋ ಅನ್ನದ ಮೇಲೂ ಅನುಮಾನ ನಿಂಗೆ!"

"ನೀನು ತಪ್ಪು ಹೇಳಿದರೂ ನಾನು ತಲೆ ಆಡಿಸ್ಬೇಕಾ?"

"ಬುಡ್ರಪ್ಪ, ನನ್ನ ಬುಟ್ಟಿಗೋಸ್ಕರ ಅಣ್ತಮ್ಮ ಯಾಕೆ ಕಿತ್ತಾಡ್ತೀರಿ," ಎಂದು ಹೂವಿನಮ್ಮ ಸಿಕ್ಕ ಬಸ್ಸು ಹತ್ತಿದರು. ಅಣ್ಣ ಮತ್ತೆ ಕರೆಯಲು ಹೋದಾಗ ಬರಲು ಒಪ್ಪಲಿಲ್ಲ. ನಾವು ಒಂದೇ ಮಾತು ಹೇಳಿದ್ದರೂ ಜಾಗ ಸಿಗುತ್ತಿತ್ತೇ? ಅದೂ ನನಗೆ ಖಚಿತವಿಲ್ಲ.

ಕಳೆದ ವಾರ ಅಣ್ಣ ಅಂಗಡಿ ಬಿಟ್ಟುಕೊಟ್ಟ. ಅಲ್ಲಿ ಕಾಫಿ ಕುಡಿಯುತ್ತ ಫೋಟೋ ತೆಗೆಸಿಕೊಳ್ಳುವಂಥ ಹೋಟೆಲು ಬರುತ್ತದಂತೆ. ಸಾಮಾನು ಕಟ್ಟಲು ನಾನೂ ಜಯಲಕ್ಷ್ಮಿಪುರಂನಿಂದ ಹೋಗಿದ್ದೆ. ಅವನು ಒಳಗೆ ಏಣಿಯ ಮೇಲೆ ನಿಂತು ಡಬ್ಬಗಳನ್ನು ಇಳಿಸುತ್ತಿದ್ದ, ನಾನು ಹೊರಗೆ ಆಟೋಗೆ ತುಂಬುತ್ತಿದ್ದೆ. ನನ್ನ ಕೈಗೆ ಕೊಟ್ಟಿದ್ದ ಅವನ ಫೋನು ಬಡಿದುಕೊಂಡಿತು. ಯಾರೋ ಹೆಂಗಸು. ಮಗಳ ಬಾಣಂತನಕ್ಕೆ ಸಾಮಾನು ಬೇಕು, ಸಾಲಿನ ಹತ್ತಿರವೇ ನಿಂತಿದ್ದಾರೆ, ಹೂವಿನಮ್ಮ ಕಾಣುತ್ತಿಲ್ಲ.

"ಎಡಕ್ಕೆ ಬನ್ನಿ," ಎಂದೆ.

"ಯಾರ ಎಡಕ್ಕಪ್ಪ? ನೀನು ಒಳಗೆ ಕೂತು ಹೇಳ್ತಿದೀಯೋ, ಹೊರಗೆ ನಿಂತೋ?"

ನಾನು ಅಣ್ಣನ ಕಡೆ ತಿರುಗಿದೆ. ಜೀವಮಾನವೆಲ್ಲ ಅವನು ಆ ಬಾಗಿಲನ್ನು ಒಳಗಿನಿಂದ ನೋಡಿದವನು. ಶಾಲೆಯಿಂದ, ಕಾಲೇಜಿನಿಂದ ಬರುವಾಗ ನಾನು ನೋಡಿದ್ದು ಬೀದಿಯಿಂದ. ಆವತ್ತು ಕಚೇರಿಯಲ್ಲಿ ನಾವಿಬ್ಬರೂ ಹೇಳಿದ್ದು ಒಂದೇ ಜಾಗವನ್ನು.

"ಯಾರೋ ಅದು?" ಎಂದ ಅಣ್ಣ ಏಣಿಯ ಮೇಲಿಂದ.

"ಗಿರಾಕಿ. ಬಾಣಂತಿ ಸಾಮಾನಂತೆ."

"ಎಲ್ಲಾ ಕಟ್ಟಿದ್ದಾಯ್ತಲ್ಲೋ. ಮುಚ್ಚಿದೀವಿ ಅನ್ನು."

ನಾನು ಕಂಡುಕೊಂಡದ್ದನ್ನು ಅಣ್ಣನಿಗೆ ಹೇಳಲಿಲ್ಲ. ಬೀದಿಗೆ ಇಳಿದು, ಯಾರೆಂದು ತಿಳಿಯದ ಆ ಹೆಂಗಸಿಗಾಗಿ ಎರಡೂ ಕಡೆ ಕೈ ಬೀಸುತ್ತ ನಿಂತೆ.