ಗಿರಿಜಾ ಸಿಸ್ಟರ್ ಅವರ ಮಂಡಿ

ಗಿರಿಜಾ ಸಿಸ್ಟರ್ ನೆಲಕ್ಕೆ ಕೂರುವುದೇ ಒಂದು ದೊಡ್ಡ ಕೆಲಸವಾಗಿತ್ತು. ಮೊದಲು ಗೋಡೆ ಹಿಡಿಯುವರು, ಬಲಗಾಲನ್ನು ಕೈಯಿಂದ ಎತ್ತಿ ಮುಂದಕ್ಕಿಡುವರು, ಕೊನೆಗೆ "ಹ್ಞೂಂ" ಎಂದು ದೊಪ್ಪನೆ ಕುಸಿಯುವರು. ತುಮರಿ ಕಡೆ ಹೆರಿಗೆಗಳೆಲ್ಲ ಚಾಪೆಯ ಮೇಲೇ ಆಗುತ್ತಿದ್ದ ಎಪ್ಪತ್ತರ ದಶಕ ಅದು. ನೆಲಕ್ಕೆ ಕೂರದೆ ನರ್ಸಿನ ಕೆಲಸ ನಡೆಯುತ್ತಿರಲಿಲ್ಲ. ವಯಸ್ಸು ಮೂವತ್ತು ದಾಟುವ ಮೊದಲೇ ಸಂಧಿವಾತ ಅವರ ಬಲಮಂಡಿಯನ್ನು ತಿಂದುಹಾಕಿತ್ತು.

ನಾನು ಅಲ್ಲಿನ ಶಾಲೆಗೆ ಟೀಚರಾಗಿ ಹೋದಾಗ ನಮ್ಮಿಬ್ಬರ ಬಿಡಾರಕ್ಕೆ ನಡುವೆ ಒಂದೇ ಗೋಡೆ. ಸಿಸ್ಟರ್ ತೀರ್ಥಹಳ್ಳಿ ಕಡೆಯವರು, ಮದುವೆಯಾಗಿರಲಿಲ್ಲ. ಒಮ್ಮೆ ಬ್ಯಾಕೋಡಿನಿಂದ ಹೆರಿಗೆಗೆ ಕರೆ ಬಂದ ದಿನ ಮಂಡಿ ಊದಿ ಹೆಜ್ಜೆ ಇಡಲಾಗುತ್ತಿರಲಿಲ್ಲ. ಕರೆಯಲು ಬಂದ ನಾಲ್ವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೇ ನಡೆದರು. "ಹೆರೋಳು ಅವ್ಳು, ಹೊತ್ಕಂಡು ಹೋಗದು ನನ್ನ!" ಎಂದು ದಾರಿಯುದ್ದಕ್ಕೂ ನಗುತ್ತಿದ್ದರಂತೆ. ನೋವು ತಿನ್ನುವ ಹೆಂಗಸರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: "ಕೂಗು ಮಾರಾಯ್ತಿ, ಅತ್ತೆ ಕೇಳ್ಸ್ಕಂಡ್ರೆ ಕೇಳ್ಸ್ಕಳ್ಳಿ."

ಬೊಂಬಾಯಿಯಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಅವರನ್ನು ಅಲ್ಲಿಗೆ ಕರೆಸಿಕೊಂಡು ಲೋಹದ ಮಂಡಿ ಹಾಕಿಸಿದ. ನಮ್ಮ ಕಡೆ ಯಾರೂ ಅಂಥದ್ದನ್ನು ಕೇಳಿರಲಿಲ್ಲ. ಸಿಸ್ಟರ್ ಹಿನ್ನೀರು ದಾಟಿಸುವ ಲಾಂಚ್ ಇಳಿದು ಕೋಲಿಲ್ಲದೆ ನಡೆದು ಬಂದಾಗ ಜನ ನಿಂತು ನೋಡಿದರು. ನೆಲಕ್ಕೆ ಮಾತ್ರ ಕೂರಲೇಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಂದಿನಿಂದ ಮಂಚದ ಮೇಲೆ ಹೆರಿಗೆ ಮಾಡಿಸುವುದನ್ನು ಊರಿಗೆ ಕಲಿಸಿದರು.

ಕೆಲವು ವರ್ಷ ಕಳೆದವು. ನನ್ನ ಹೆರಿಗೆಯ ದಿನ ಲಾಂಚ್ ಕೆಟ್ಟು ನಿಂತಿತ್ತು, ಸಾಗರದ ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಮಗು ಕಾಲು ಮುಂದಾಗಿ ಬರುತ್ತಿತ್ತು. ನಾನು ನೋವಿಗೆ ಮಂಚದಿಂದ ಇಳಿದು ನೆಲದಲ್ಲಿ ಬಿದ್ದುಬಿಟ್ಟಿದ್ದೆ, ಆ ಸ್ಥಿತಿಯಲ್ಲಿ ಮೇಲೆತ್ತುವಂತಿರಲಿಲ್ಲ. ಸಿಸ್ಟರ್ ನನ್ನೆದುರು ಮಂಡಿಯೂರಿ ಕೂತರು. ಬೆಳಗಿನಿಂದ ಮಧ್ಯಾಹ್ನದವರೆಗೆ ಏಳಲಿಲ್ಲ. ಮಗಳು ಅತ್ತಳು. ಸಿಸ್ಟರಿಗೆ ಎದ್ದು ನಿಲ್ಲಲಾಗಲಿಲ್ಲ.

ಅಲ್ಲಿಂದ ಮಂಡಿ ಅಲುಗಾಡತೊಡಗಿತು. ಎರಡನೇ ಸಲ ಬೊಂಬಾಯಿಗೆ ಹೋಗುವಾಗ ಮಗುವನ್ನು ಅಮ್ಮನ ಹತ್ತಿರ ಬಿಟ್ಟು ನಾನೂ ಜೊತೆಗೆ ಹೋದೆ. ಹುಬ್ಬಳ್ಳಿ ಕಡೆಯ ಡಾಕ್ಟರು ಎಕ್ಸ್‌ರೇ ತೋರಿಸಿದರು. ಲೋಹದ ಕೆಳಗಿನ ಮೂಳೆ ಗೆದ್ದಲು ಹಿಡಿದ ಕಂಬದಂತೆ ಟೊಳ್ಳಾಗಿತ್ತು.

"ಹೊಸಾ ಮಂಡಿ ಕೂಡಸಾಕ ಕೆಳಗ ಎಲುಬಽ ಇಲ್ರೀ ಸಿಸ್ಟರ್. ನಿಮ್ಮ ಸೊಂಟದ್ದು ತಗದ್ರೂ ಸಾಲಂಗಿಲ್ಲ. ಒಬ್ಬಾಕಿ ಹೆಣ್ಮಗಳು ಬಿದ್ದು ತೊಡಿ ಎಲುಬು ಮುರಕೊಂಡಿದ್ಲು. ಲೋಹದ್ದು ಕೂಡ್ಸಿ, ತಗದ ಎಲುಬಿನ ಗುಂಡನ್ನ ಆಕಿ ಒಪ್ಪಿಗಿ ಮ್ಯಾಲ ಥಂಡಿ ಪೆಟಿಗ್ಯಾಗ ಇಟ್ಟೀವಿ. ಅದನ್ನ ತುಂಬತೀನಿ."

"ಅವ್ರು ಈಗ ನಡೀತಾರಾ ಡಾಕ್ಟ್ರೇ?" ಸಿಸ್ಟರ್ ಕೇಳಿದರು.

"ನಡೀತಾರ."

"ಹಂಗಾರೆ ಹಾಕಿ."

ಆ ಮೂಳೆಗೆ ಜೀವವಿಲ್ಲ, ನಿಮ್ಮ ಮೂಳೆ ಅದರೊಳಗೆ ಬೆಳೆದು ಕೂಡಿಕೊಳ್ಳಬೇಕು, ಅಲ್ಲಿಯವರೆಗೆ ಕಾಲೂರಬಾರದು ಎಂದರು ಡಾಕ್ಟರು. ಮೂರು ತಿಂಗಳು ಸಿಸ್ಟರ್ ತೀರ್ಥಹಳ್ಳಿಯ ಅಣ್ಣನ ಮನೆಯಲ್ಲಿ ಮಲಗಿದರು. "ಊರೋರ ಬಾಣಂತನ ಎಲ್ಲ ಮಾಡ್ದೆ, ಈಗ ನಂದೇ ಬಾಣಂತನ" ಎಂದು ಕಾಗದ ಬರೆದರು. ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಂಡಿತ್ತು. ಡ್ಯೂಟಿಗೆ ಬರುವ ದಿನವನ್ನೂ ತಿಳಿಸಿದ್ದರು.

ಆ ದಿನ ಬರುವ ಮೊದಲೇ ಜ್ವರ ಬಂತು. ಮಂಡಿಯೊಳಗೆ ಕೀವು. ಲೋಹವನ್ನೂ, ಕಾಯ್ದು ಬೆಳೆಸಿಕೊಂಡ ಮೂಳೆಯನ್ನೂ ತೆಗೆದು, ಕಾಲನ್ನು ಮಡಿಸಲಾಗದಂತೆ ನೇರಕ್ಕೆ ಕೂಡಿಸಿಬಿಟ್ಟರು. ಸಿಸ್ಟರ್ ಕೆಲಸ ಬಿಟ್ಟರು.

ಕಡೆಯ ಸಲ ನೋಡಿದಾಗ ಅವರು ಅಣ್ಣನ ಮನೆಯ ಕಿಟಕಿಯ ಬಳಿ, ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ತೀರಾ ಇಳಿದುಹೋಗಿದ್ದರು. ವರ್ಷಗಳಿಂದ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಅಂದು ಹೇಳಿಬಿಟ್ಟೆ.

"ನನ್ನಿಂದ ಹೀಗಾಯ್ತು ಸಿಸ್ಟರ್."

ಅವರು ಅಲ್ಲಗಳೆಯಲಿಲ್ಲ. "ಹೌದು ಟೀಚರೇ. ಆವತ್ತೇ ಒಳಗೆ ಕಟ್ ಅಂದಿದ್ದು ಕೇಳ್ತು. ಎದ್ದಿದ್ರೆ ಮಗು ಉಳೀತಿರ್ಲಿಲ್ಲ, ಕೂತೆ. ನಂಗೆ ಬೇಜಾರಿಲ್ಲ ಅಂತ ಸುಳ್ಳು ಹೇಳಕ್ಕಾಗಲ್ಲ, ಬೇಜಾರಿದೆ. ಆದ್ರೂ ನಾಳೆ ಹಂಗೇ ಆದ್ರೆ ಹಂಗೇ ಕೂರ್ತೀನಿ." ಕಾಲನ್ನು ಸ್ಟೂಲಿನ ಮೇಲೆ ಸರಿಮಾಡಿಕೊಂಡು, "ಕಾಫಿ ಕುಡ್ದು ಹೋಗಿ, ಬಸ್ಸಿಗೆ ಹೊತ್ತಾಗುತ್ತೆ" ಎಂದರು.

ಮುಂದಿನ ವರ್ಷ ತೀರಿಕೊಂಡರು. ಅವರ ಅಣ್ಣ ಬರೆದ ಕಾಗದ ನನಗೆ ತಲುಪುವಾಗ ಎಲ್ಲ ಮುಗಿದು ವಾರವಾಗಿತ್ತು. ಮಾರನೆಯ ದಿನ ಬ್ಯಾಕೋಡಿನಿಂದ, ಸಿಸ್ಟರ್ ಹೆರಿಗೆ ಮಾಡಿಸಿದ್ದ ಮೂವರು ಹೆಂಗಸರು ತಮ್ಮ ಮಕ್ಕಳನ್ನು ಕರೆದುಕೊಂಡು ಶಾಲೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ಸಿಸ್ಟರಮ್ಮಂಗೆ ಇಲ್ಲಿ ಮನೆ ಮಠ ಇಲ್ಲ. ಸತ್ತೋರ ಕಡೇರು ಅಂತ ನಾವು ಯಾರ ಮನೆಗೆ ಹೋಗಿ ಮಾತಾಡಿಸ್ಕಂಡು ಬರದು ಟೀಚರೇ?" ಎಂದು ಕೇಳಿದರು.

ಶಾಲೆಯ ಮಕ್ಕಳಿಗೆ ರಜೆ ಕೊಟ್ಟು, ಆ ಹೆಂಗಸರನ್ನು ನಮ್ಮ ಮನೆಗೆ ಕರೆದುಕೊಂಡು ಹೋದೆ.