ಗೋಡೆಗೆ ಕಿವಿ ಕೊಟ್ಟವರು

ಮೇಸ್ತ್ರಿಯವರ ಬಲಗಿವಿ ಯಾವಾಗಲೂ ಸುಣ್ಣ ಹತ್ತಿ ಬೆಳ್ಳಗಿರುತ್ತಿತ್ತು. ಜಮಖಂಡಿ ಸೀಮೆಯ ಗುಡ್ಡದ ಕೋಟೆಯ ದುರಸ್ತಿಗೆ ನಾನು ಹೊಸ ಎಂಜಿನಿಯರಾಗಿ ಹೋದಾಗ ಮೊದಲು ಕಂಡದ್ದು ಆ ಕಿವಿ. ಕೆಲಸಕ್ಕೆ ಮುಂಚೆ ಅವರು ಸುತ್ತಿಗೆಯಿಂದ ಗೋಡೆಗೆ ಮೂರು ಸಲ ಬಡಿದು, ಕಿವಿ ಹಚ್ಚಿ ನಿಲ್ಲುತ್ತಿದ್ದರು. ಬನಹಟ್ಟಿಯ ಅವರ ಮನೆಯ ಎರಡೂ ಬದಿಗೆ ಮಗ್ಗಗಳ ಗದ್ದಲ. "ಎಡಗಿವಿ ಮಗ್ಗ ತಿಂದಾವ್ರಿ. ಬಲಗಿವಿ ಕಲ್ಲಿಗೆ ಇಟ್ಟೇನಿ," ಎನ್ನುತ್ತಿದ್ದರು.

ಕೋಟೆಯ ಚರಿತ್ರೆಯನ್ನು ಅವರು ಕಲ್ಲಿನಲ್ಲೇ ಓದಿದ್ದರು. ಕೆಳಗಿನ ಸಾಲುಗಳ ಸಂದಿಯಲ್ಲಿ ಸೂಜಿಯೂ ತೂರದು. ಮೇಲೆ, ತೋಪುಗಳ ಕಾಲದಲ್ಲಿ ಎತ್ತರಿಸಿದ ಕಡೆ, ಒಡೆದ ಬೀಸುಕಲ್ಲು, ಹಳೆಯ ಹೊಸ್ತಿಲು, ಕೈಗೆ ಸಿಕ್ಕಿದ್ದೆಲ್ಲ ಇತ್ತು. "ಕೆಳಗಿಂದು ಉಂಡು ಕಟ್ಟ್ಯಾರ, ಮ್ಯಾಲಿಂದು ಅಂಜಿ ಕಟ್ಟ್ಯಾರ."

ಎರಡು ಕಲ್ಲುಗೋಡೆಗಳ ನಡುವೆ ಮಣ್ಣು ತುಂಬಿದ ಕೋಟೆ ಅದು. ಒಳಗಿಳಿದ ನೀರು ಹೊರಹೋಗಲು ಅಲ್ಲಲ್ಲಿ ಅಂಗೈಯಗಲದ ತೂತುಗಳು. ನನ್ನ ಕಣ್ಣಿಗೆ ಅವು ಹುಳುಕಾಗಿ ಕಂಡವು. ಮೇಸ್ತ್ರಿಯವರು ಗಾರೆಗೆ ಬೆಲ್ಲ ತರಲು ಮುಧೋಳಕ್ಕೆ ಹೋದ ದಿನ ಬುರುಜಿನ ತೂತುಗಳಿಗೆಲ್ಲ ಸಿಮೆಂಟು ಜಡಿಸಿಬಿಟ್ಟೆ.

"ಉಸಿರು ಕಟ್ಟಿದ್ರಲ್ರೀ ಸಾಹೇಬ್ರ," ಎಂದರು ಮರಳಿ ಬಂದ ಮೇಸ್ತ್ರಿಯವರು.

"ನಿಮ್ಮ ಕೋಟಿಗೆ ಮೂಗೂ ಐತೇನ್ರಿ?" ಎಂದು ನಕ್ಕೆ. ಓದಿದವನ ಸೊಕ್ಕು.

ಒಂದು ವಾರ ಮಳೆ ಹೊಡೆಯಿತು. ಬಿಸಿಲು ಬಿದ್ದ ಮಧ್ಯಾಹ್ನ ಬುರುಜಿನ ಬುಡದಲ್ಲಿ ಆರು ಆಳುಗಳು ಬುತ್ತಿ ಬಿಚ್ಚಿದ್ದರು. ಮೇಸ್ತ್ರಿಯವರು ಮೂರು ಸಲ ಬಡಿದು ಕಿವಿ ಹಚ್ಚಿದರು. ಮುಖ ಬಿಳುಚಿತು.

"ಒಳಗಿಂದ ಬಡ್ಯಾಕತ್ತಾರ. ಏಳ್ರಲೇ, ರೊಟ್ಟಿ ಬಿಟ್ಟು ಓಡ್ರಿ!"

ನಾನೂ ಕಿವಿಯಿಟ್ಟೆ. ಟಕ್. ಟಕ್. ಟಕ್. ಯಾರೋ ಕದ ತಟ್ಟಿದ ಹಾಗೆ. ಅವರು ನನ್ನ ರಟ್ಟೆ ಹಿಡಿದು ಎಳೆದೊಯ್ದರು. ಬುರುಜು ಬುತ್ತಿಗಳ ಮೇಲೆ ಕುಸಿಯಿತು.

ನೀರು ತುಂಬಿ ಒಳಗಿನ ಕಲ್ಲು ಜಾರಿದ ಸದ್ದು ಎಂದು ವರದಿಯಲ್ಲಿ ಬರೆದೆ. ತೂತು ಮುಚ್ಚಿಸಿದವನು ನಾನೇ ಎಂದೂ ಬರೆದೆ. ಮೂರೇ ಸಲ ಏಕೆ ಎಂಬುದನ್ನು ಬರೆಯಲಿಲ್ಲ. ಮೇಸ್ತ್ರಿಯವರು ಎಂದೂ ನನ್ನನ್ನು ಹಂಗಿಸಲಿಲ್ಲ. "ಆತು ಬಿಡ್ರಿ. ರೊಟ್ಟಿ ನಾಳಿ ಬಡೀಬಹುದು," ಎಂದರು ಅಷ್ಟೇ.

ಹೋದ ವರ್ಷ ಅವರು ತೀರಿಕೊಂಡರು. ಮೈ ತೊಳೆದು ಕೂರಿಸಿದ್ದರು. ಆ ಕಿವಿಯ ನಿಜವಾದ ಬಣ್ಣ ನೋಡಿದ್ದು ಅಂದೇ. ಅಳು ತಡೆಯಲಾಗಲಿಲ್ಲ.

ಮರುವಾರ, ಮಳೆ ನಿಂತ ಮೇಲೆ, ಮರಳಿ ಕಟ್ಟಿದ ಬುರುಜಿಗೆ ಹೋದೆ. ಮೇಲೆ ಆಳುಗಳು ಗೋಡೆಯ ತುದಿಗೆ ಹಲ್ಲುಸಾಲಿನಂಥ ತೆನೆ ಕಟ್ಟುತ್ತಿದ್ದರು. ಮೇಸ್ತ್ರಿಯವರ ಸುತ್ತಿಗೆಯಿಂದ ಮೂರು ಸಲ ಬಡಿದು ಕಿವಿ ಹಚ್ಚಿದೆ. ಒಳಗಿನಿಂದ ಮೂರು ಸಲ ಸದ್ದು ಬಂತು.

"ಎಲ್ಲಾರೂ ಕೆಳಗಿಳೀರಿ!"

ನಗುತ್ತಲೇ ಇಳಿದರು. ತೂತುಗಳಲ್ಲಿ ಗೊರವಂಕ ಗೂಡು ಕಟ್ಟಿ ಬಿಟ್ಟುಹೋಗಿದ್ದ ಕಸ. ಕಿತ್ತೊಡನೆ ಕೆಂಪು ನೀರು ಸುರಿಯಿತು, ಸಂಜೆಯವರೆಗೂ. ಮತ್ತೆ ಕಿವಿ ಹಚ್ಚಿದಾಗ ಸದ್ದಿರಲಿಲ್ಲ.

"ಯಾರ್ ಹೇಳಿದ್ರೀ ಸಾಹೇಬ್ರ ನಿಮಗ?" ಎಂದು ಒಬ್ಬ ಕೇಳಿದ.

"ಮೇಸ್ತ್ರಿ," ಎಂದೆ. ಕಿವಿಯ ಸುಣ್ಣ ಒರೆಸಿಕೊಳ್ಳಲಿಲ್ಲ.